ಉಣ್ಣೆ ಹಿಂಜುವ ಮಾತು

ಈ ಗಂಟು ಬಿಡುತ್ತಿಲ್ಲ, ನಡುವಿಗೆ ಕೈ ಹಾಕಿದರೆ ಎಳೆ ತುಂಡಾಗುತ್ತದೆ, ಅಂಚಿನಿಂದ ಎರಡೇ ಬೆರಳಲ್ಲಿ ಬಿಡಿಸಬೇಕು ಅಂತ ಇವರೇ ಕಲಿಸಿದ್ದು, ಮದುವೆಯಾದ ಹೊಸದರಲ್ಲಿ, ಇದೇ ಹಾಸಿಗೆ ಅಂಗಡಿಯಲ್ಲಿ — ಈಗ ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ, ಲಕ್ವ ಹೊಡೆದ ಮೇಲೆ ಒಂದು ಮಾತಿಲ್ಲ, ನನ್ನ ಕೈಯನ್ನು ನೋಡುತ್ತಾರೋ, ಕಣ್ಣು ಸುಮ್ಮನೆ ಅಲ್ಲಿ ನಿಂತಿದೆಯೋ — ಬರೀ ಸೇವೆ ಮಾಡ್ಬೇಡಿ, ಸ್ವಲ್ಪ ಟೀಸ್ ಮಾಡಿ ಅವರನ್ನ, ನಗು ಬಂದ್ರೆ ಮಾತೂ ಬರಬಹುದು ಅಂದರು ಡಾಕ್ಟರಮ್ಮ, ಮನೆಗೆ ಬಂದವಳೇ ಮಗಳ ದಪ್ಪ ಇಂಗ್ಲಿಷ್ ನಿಘಂಟು ತೆಗೆದೆ, ಸಿನಿಮಾದವರ ಟೀಸರ್ ಗೊತ್ತು, ಕೂದಲು ಉಬ್ಬಿಸಿ ಬಾಚುವುದಕ್ಕೂ ಪಾರ್ಲರಿನವಳು ಟೀಸ್ ಅನ್ನುತ್ತಾಳೆ, ಆದರೆ ಮೂಲದಲ್ಲಿ ಅದು ಉಣ್ಣೆ ಹಿಂಜುವುದಂತೆ, ಸಾವಿರ ವರ್ಷದ ಹಿಂದೆ, ಎಳೆ ಎಳೆಯಾಗಿ ಬಿಡಿಸುವುದು, ಆಮೇಲೆ ಜನರನ್ನು ಕೆಣಕುವುದು, ಆಮೇಲೆ ಪ್ರೀತಿಯ ಕೀಟಲೆ, ಅಯ್ಯೋ, ನಮ್ಮ ಕಸುಬೇ — ಮೊದಲು ಯಾರು ಅಂದಿರಬಹುದು, ಮಡಿಲ ತುಂಬ ಉಣ್ಣೆ ಇಟ್ಟುಕೊಂಡ ಯಾವ ಹೆಂಗಸು, ಸಾಕು ಮಾರಾಯ, ನನ್ನ ಹಿಂಜಬೇಡ ಅಂತ, ನಾವೂ ಹೇಳಿದ್ದನ್ನೇ ಹಿಂಜಬೇಡ ಅನ್ನುತ್ತೇವಲ್ಲ — ಈ ಮನೆಯಲ್ಲಿ ಕೀಟಲೆ ಇವರ ಖಾತೆ, ಗಿರಾಕಿಗಳ ಎದುರಿಗೇ, ತಗೊಳ್ಳಿ ಸಾರ್, ನಿದ್ದೆ ಗ್ಯಾರಂಟಿ, ಒಳಗೆ ನಮ್ಮ ಮನೆಯವಳ ಗೊರಕೇನೇ ತುಂಬಿದೀವಿ, ನಾನು ಮುಖ ಊದಿಸಿಕೊಂಡು ಒಳಗೆ ಹೋಗುವುದು, ಹಿಂದೆ ಇವರು ಮೀಸೆಯಡಿಯಲ್ಲೇ ಫುಸ್ ಫುಸ್ ಅಂತ ನಗುವುದು, ಒಂದು ದಿನವೂ ತಿರುಗಿಸಿ ಕೊಟ್ಟವಳಲ್ಲ, ಈಗ ಈ ಮನುಷ್ಯನ ಗಂಟಿಗೆ ಅಂಚು ಎಲ್ಲಿದೆ ಅಂತ ಹುಡುಕಲಿ, ಇಷ್ಟು ದಿನ ಕೂಸಿಗೆ ಹೇಳಿದಂತೆ ಇನ್ನೊಂದು ತುತ್ತು, ಜಾಣ ಅಲ್ವಾ ಅಂದಿದ್ದೇ ಬಂತು, ಯಾರಿಗೆ ತಾನೇ ಮಾತಾಡಬೇಕು ಅನ್ನಿಸುತ್ತದೆ — ಒಂದು ಎಳೆ ಹಾರಿ ಇವರ ಮೀಸೆಯ ಮೇಲೆ ಕೂತಿತು, ಒರೆಸಲು ಹೋದ ಕೈ ಅಲ್ಲೇ ನಿಂತಿತು, ಏನ್ರೀ, ಬಿಳಿ ಮೀಸೆ ಬಿಟ್ಕೊಂಡು ಯಾರನ್ನ ನೋಡೋಕೆ ಹೊರಟಿದ್ದು, ನನ್ನ ದನಿ ನನಗೇ ಯಾರದೋ, ಇವರ ಕಣ್ಣು ನನ್ನ ಕೈ ಬಿಟ್ಟು ಮುಖಕ್ಕೆ ಬಂತು, ಬಂತಲ್ಲವೇ, ಕೆಲಸ ತಪ್ಪಿಸ್ಕೊಳ್ಳೋಕೆ ಒಳ್ಳೇ ದಾರಿ ಹುಡುಕಿದ್ರಿ ಬಿಡಿ, ನಿಮ್ಮ ಪಾಲಿಂದೂ ನಾನೇ ಹಿಂಜಬೇಕು — ಅಯ್ಯೋ, ಹೆಚ್ಚಾಯಿತೇ, ನಡುವಿಗೇ ಕೈ ಹಾಕಿಬಿಟ್ಟೆನೇ, ಎಳೆ ಅಲುಗಿತು, ಫ್ಯಾನ್ ಹಾಕಿಲ್ಲ, ಉಣ್ಣೆ ಹಿಂಜುವಾಗ ಹಾಕುವುದೇ ಇಲ್ಲ, ಕಿಟಕಿಯೂ ಮುಚ್ಚಿದೆ, ಉಸಿರಾದರೆ ಒಂದೇ ಸಮ ಬರಬೇಕು, ಇದು ತುಂಡು ತುಂಡು, ಫುಸ್, ಫುಸ್ — ಮೀಸೆಯ ಮೇಲೆ ಎಳೆ — ಮತ್ತೆ, ಎಳೆ —