ಸ್ಪ್ಯಾನರ್ ಮಾವ ಕಿತ್ತಿಟ್ಟ ವಯರು

ಮನೆಗೆ ಹೊಸ ಗಾಡಿ ಬಂದರೆ ಎಲ್ಲರೂ ಒಮ್ಮೆ ಹತ್ತಿ ಕೂತು ನೋಡುತ್ತಾರೆ. ಒಬ್ಬರು ಮಾತ್ರ ದೂರ ನಿಂತು ಮೂಗು ಮುರಿಯುತ್ತಾರೆ. ಈ ಮನೆಯಲ್ಲಿ ಆ ಒಬ್ಬರು ಸ್ಪ್ಯಾನರ್ ಮಾವ. ನಲವತ್ತು ವರ್ಷ ಗ್ಯಾರೇಜು ನಡೆಸಿದವರು, ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವವರು. ಸೊಸೆ ಎಲೆಕ್ಟ್ರಿಕ್ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ ದಿನ ಅವರು ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದರು. ಒಳಗಿಂದ ಉಸಿರಿಲ್ಲ.

"ಇದು ಬದುಕಿದೆಯೋ ಸತ್ತಿದೆಯೋ ಅಂತ ತಿಳಿಯೋದು ಹೇಗಮ್ಮ?" ಎಂದರು. ಆಮೇಲೆ ಮೂರು ತಿಂಗಳು ಅದರೊಳಗೆ ಕಾಲಿಡಲಿಲ್ಲ.

ಕಾಲಿಡುವಂತೆ ಮಾಡಿದ್ದು ಅವರ ಅಕ್ಕನ ಫೋನು. ಅಕ್ಕನಿಗೆ ನಾಲ್ಕು ವರ್ಷದಿಂದ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖ ಮಬ್ಬು ಮಬ್ಬಾಗಿ ಕಾಣುತ್ತಿತ್ತು. ಕೊನೆಗೂ ಆಪರೇಷನ್ ಆಗಿತ್ತು. ಮರುದಿನ ನಾಲ್ಕು ಗಂಟೆಯೊಳಗೆ ಪಟ್ಟಿ ಬಿಚ್ಚುತ್ತಾರಂತೆ, ಆಮೇಲೆ ಡಾಕ್ಟರು ಬೇರೆ ಊರಿಗೆ ಹೊರಡುತ್ತಾರಂತೆ. "ಪಟ್ಟಿ ಬಿಚ್ಚುವಾಗ ನೀನು ಎದುರಿಗಿರಬೇಕು ಕಣೋ. ಮೊದಲು ನಿನ್ನ ಮುಖ ನೋಡಬೇಕು," ಎಂದಳು ಅಕ್ಕ. ಅವಳೂರು ಇನ್ನೂರೈವತ್ತು ಕಿಲೋಮೀಟರು ದೂರ. ಮಾವನ ಹಳೆಯ ಜೀಪಿನ ಇಂಜಿನ್ನು ಗ್ಯಾರೇಜಿನ ನೆಲದ ಮೇಲೆ ಬಿಚ್ಚಿ ಹರಡಿಕೊಂಡಿತ್ತು. ಬಸ್ಸು ಎರಡು ಕಡೆ ಬದಲಿಸಿ ತಲುಪುವಷ್ಟರಲ್ಲಿ ಸಂಜೆ ಏಳು. ಉಳಿದದ್ದು ಅಂಗಳದಲ್ಲಿದ್ದ ಆ ಉಸಿರಿಲ್ಲದ ಗಾಡಿ.

ಸೊಸೆ ವಿದ್ಯುತ್ ಕಚೇರಿಯಲ್ಲಿ ಮೀಟರ್ ರೀಡರ್. ಹಿಂದಿನ ದಿನವೇ ಗಾಡಿಗೆ ಚಾರ್ಜ್ ತುಂಬಿಸಿ, ದಾರಿಯಲ್ಲಿ ಎಲ್ಲೆಲ್ಲಿ ಚಾರ್ಜಿಂಗ್ ಪಾಯಿಂಟ್ ಇದೆ ಎಂದು ಫೋನಿನಲ್ಲಿ ಗುರುತು ಮಾಡಿಕೊಂಡಿದ್ದಳು. ಮಾವನ ತಯಾರಿಯೇ ಬೇರೆ. ಬೆಳಿಗ್ಗೆ ಅತ್ತೆ ಡಿಕ್ಕಿ ತೆಗೆದರೆ ಸ್ಪ್ಯಾನರ್ ಪೆಟ್ಟಿಗೆ, ಗಾಡಿ ಎಳೆಯುವ ಹಗ್ಗ, ಹಳೆ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾನು. ಅತ್ತೆ ಮೂಸಿ ನೋಡಿದರು. ಡೀಸೆಲ್.

"ಏನ್ರೀ, ಇದನ್ನ ಈ ಗಾಡಿಗೆ ಎಲ್ಲಿ ಹುಯ್ತೀರಿ?"

ಮಾವ ಕಾರಿನ ಸುತ್ತ ಒಂದು ಸುತ್ತು ಬಂದರು. ಹುಯ್ಯಲು ಜಾಗವೇ ಇರಲಿಲ್ಲ. ಕ್ಯಾನು ಗ್ಯಾರೇಜಿಗೆ ವಾಪಸು ಹೋಯಿತು, ಹಗ್ಗ ಮಾತ್ರ ಹಟ ಹಿಡಿದು ಜೊತೆಗೆ ಬಂತು.

ದಾರಿಯುದ್ದಕ್ಕೂ ಮಾವ ರಸ್ತೆ ನೋಡಲಿಲ್ಲ. ಎದುರಿನ ಪರದೆಯ ಮೇಲೆ ನೂರಕ್ಕೆ ಎಷ್ಟು ಚಾರ್ಜು ಉಳಿದಿದೆ ಎಂದು ತೋರಿಸುವ ಅಂಕಿಯನ್ನೇ ನೋಡುತ್ತ ಕೂತರು. ಅದು ತೊಂಬತ್ತರಿಂದ ಎಂಬತ್ತೊಂಬತ್ತಕ್ಕೆ ಇಳಿದಾಗ ಏಸಿ ಆರಿಸಿದರು, ಎಂಬತ್ತೈದಾದಾಗ ರೇಡಿಯೋ ಆರಿಸಿದರು. ಎಂಬತ್ತಾದಾಗ ಹಿಂದೆ ಕೂತಿದ್ದ ಅತ್ತೆಯ ಫೋನನ್ನು ಚಾರ್ಜಿನಿಂದ ಕೀಳಿಸಿದರು. ಮೂವರೂ ಬೆವರಿ ತೊಪ್ಪೆಯಾದ ಮೇಲೆ ಸೊಸೆ ಮೆಲ್ಲಗೆ ಬಾಯಿಬಿಟ್ಟಳು. "ಮಾವ, ಏಸಿ ತಿನ್ನೋದು ಸ್ವಲ್ಪ. ಜಾಸ್ತಿ ತಿನ್ನೋದು ವೇಗ. ನಾನು ನೂರರ ಬದಲು ಎಪ್ಪತ್ತರಲ್ಲಿ ಹೋದರೆ, ನೀವು ಬೆವರಿ ಉಳಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಉಳಿಯುತ್ತೆ." ಅತ್ತೆ ಹಿಂದಿನಿಂದ ಕೈ ಚಾಚಿ ತಾವೇ ಏಸಿ ಹಾಕಿದರು.

ಮೊದಲು ನಿಲ್ಲಿಸಿದ್ದು ಹಳೆಯ ಕಲ್ಲು ಸೇತುವೆಯ ಹಳ್ಳಿಯಲ್ಲಿ. ಗಾಡಿ ಚಾರ್ಜಿಗೆ ನಿಂತಿತು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರು. ಮೂವತ್ತು ವರ್ಷದಿಂದ ಈ ದಾರಿಯಲ್ಲಿ ಓಡಾಡಿದ್ದರೂ ಅವರು ಸೇತುವೆಯನ್ನು ಕಂಡದ್ದು ಜೀಪಿನ ಕಿಟಕಿಯಿಂದ ಮಾತ್ರ. ಮಾವ ಎಲ್ಲಿಯೂ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದ ಜೀಪು ಮತ್ತೆ ಹೊರಡುತ್ತದೆಂಬ ಭರವಸೆ ಅವರಿಗೇ ಇರಲಿಲ್ಲ. ಹನ್ನೆರಡು ಕಮಾನುಗಳನ್ನು ಎಣಿಸಿದ ಅತ್ತೆ, ಕಲ್ಲಿನ ಕಂಬವನ್ನು ಬೆರಳಿನಿಂದ ಉಜ್ಜಿ ಗಂಡನ ಮುಖದೆದುರು ಹಿಡಿದರು. ಬೆರಳು ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗಿತ್ತು. ಮುನ್ನೂರು ವರ್ಷದ ಕಲ್ಲು ಕಪ್ಪಾದದ್ದು ಈ ಐವತ್ತು ವರ್ಷದ ಹೊಗೆಯಿಂದಂತೆ. ಹಾಗೆಂದು ಅಲ್ಲಿ ಚಹಾ ಮಾರುವಾಕೆ ಹೇಳಿದ್ದಳು.

"ಇದರಲ್ಲಿ ನಿಮ್ಮ ಜೀಪಿನ ಪಾಲೂ ಇದೆ," ಎಂದರು ಅತ್ತೆ. ಮಾವ ಚಹಾದ ಲೋಟದೊಳಗೆ ಏನನ್ನೋ ಹುಡುಕಿದರು.

ಅಲ್ಲಿಂದ ಮುಂದೆ ಬೆಟ್ಟ. ಏರಿನಲ್ಲಿ ಚಾರ್ಜು ಬೇಗ ಖರ್ಚಾಗಿ, ಬೆಟ್ಟದ ಮೇಲಿನ ಕೋಟೆಯ ಹಳ್ಳಿ ತಲುಪಿದಾಗ ಅಂಕಿ ಹದಿನಾಲ್ಕಕ್ಕೆ ಬಂದಿತ್ತು. ಇದು ಸೊಸೆಗೆ ಗೊತ್ತಿದ್ದ ಲೆಕ್ಕವೇ. ಹಳೆಯ ಕಣಜದ ಕಟ್ಟಡವೊಂದು ಈಗ ಊಟದ ಹೋಟೆಲಾಗಿತ್ತು, ಅದರ ಪಕ್ಕದಲ್ಲೇ ಚಾರ್ಜಿಂಗ್ ಪಾಯಿಂಟ್. ಮುಕ್ಕಾಲು ಗಂಟೆ ಚಾರ್ಜು, ಅಷ್ಟರಲ್ಲಿ ಊಟ, ಆಮೇಲೆ ಸೀದಾ ಅಕ್ಕನ ಊರು. ಸೊಸೆ ವಯರು ಸಿಕ್ಕಿಸಿ, ಬಣ್ಣದ ಬಾಗಿಲುಗಳ ಓಣಿ ತೋರಿಸಲು ಅತ್ತೆಯನ್ನು ಕರೆದುಕೊಂಡು ಹೋದಳು. ಮಾವ ಗಾಡಿ ಕಾಯಲು ನಿಂತರು.

ಹತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಬಾನೆಟ್ಟಿನೊಳಗಿಂದ ಗುಂಯ್ ಎಂದು ಸದ್ದು ಬಂತು.

ಮೂರು ತಿಂಗಳಲ್ಲಿ ಆ ಗಾಡಿ ಮಾಡಿದ ಮೊದಲ ಸದ್ದು ಅದು. ಮಾವನ ಕಿವಿ ನೆಟ್ಟಗಾಯಿತು. ಬಗ್ಗಿ ಕೇಳಿದರು, ವಯರು ಮುಟ್ಟಿ ನೋಡಿದರು, ಬೆಚ್ಚಗಿತ್ತು. ರೋಗ ಗೊತ್ತಾಗಿಹೋಯಿತು. ಬ್ಯಾಟರಿ ಕುದಿಯುತ್ತಿದೆ. ಅವರ ಗ್ಯಾರೇಜಿನಲ್ಲಿ ಒಮ್ಮೆ ಲಾರಿಯ ಬ್ಯಾಟರಿಯನ್ನು ಚಾರ್ಜಿಗಿಟ್ಟು ಮರೆತು, ಆಸಿಡ್ ಉಕ್ಕಿ, ಪ್ಯಾಂಟಿನಲ್ಲಿ ಆಗಬಾರದ ಜಾಗದಲ್ಲಿ ತೂತಾಗಿತ್ತು. ಅಂದಿನಿಂದ ಅವರದೊಂದು ನಿಯಮ: ಬ್ಯಾಟರಿ ಬೆಚ್ಚಗಾಯಿತೋ, ವಯರು ಕೀಳು. ಮಾವ ಯಂತ್ರದ ಮೇಲಿನ ನಿಲ್ಲಿಸುವ ಗುಂಡಿ ಒತ್ತಿದರು, ವಯರು ಕಿತ್ತರು, ಒರೆಸಿ ನೀಟಾಗಿ ಕೊಕ್ಕೆಗೆ ನೇತುಹಾಕಿದರು. ಪಕ್ಕದಲ್ಲಿ ಕಾಯುತ್ತಿದ್ದ ಬಿಳಿ ಕಾರಿನವನು ಮುಗಿಯಿತೇ ಎಂದು ಕೇಳಿದಾಗ, ಧಾರಾಳವಾಗಿ ಹಾಕಿಕೊಳ್ಳಿ ಎಂದರು. ಅವನು ವಯರು ಸಿಕ್ಕಿಸಿ, ಗಾಡಿಗೆ ಬೀಗ ಹಾಕಿ, ಹೆಂಡತಿ ಜೊತೆ ಕೋಟೆ ಹತ್ತಿದ. ಮಾವ ಒಂದು ಅನಾಹುತ ತಪ್ಪಿಸಿದ ಸಮಾಧಾನದಲ್ಲಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು.

ಮೂವರೂ ಊಟ ಮುಗಿಸಿ ಬಂದಾಗ ಬಿಳಿ ಕಾರಿನವನು ಇನ್ನೂ ಕೋಟೆಯಿಂದ ಇಳಿದಿರಲಿಲ್ಲ, ಪರದೆಯ ಮೇಲೆ ಇಪ್ಪತ್ತು. ಅಷ್ಟರಲ್ಲಿ ಗಾಡಿ ಓಡುವುದು ನಲವತ್ತೆಂಟು ಕಿಲೋಮೀಟರು. ಅಕ್ಕನ ಊರಿಗೆ ಇನ್ನೂ ಅರವತ್ತು. ಗಂಟೆ ಎರಡಾಗಿತ್ತು.

ಸೊಸೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೆಂದು ಮಾವನಿಗೆ ಅನಿಸಿತು. "ಅದು ಫ್ಯಾನ್ ಸದ್ದು ಮಾವ. ಬ್ಯಾಟರಿ ಬಿಸಿಯಾಗದ ಹಾಗೆ ಗಾಡಿಯೇ ತಂಪು ಮಾಡ್ಕೊಳ್ಳುತ್ತೆ. ಸಾಕಾದಾಗ ತಾನೇ ಚಾರ್ಜು ನಿಲ್ಲಿಸುತ್ತೆ. ನಿಮ್ಮ ಲಾರಿ ಬ್ಯಾಟರಿ ಥರ ಉಕ್ಕಲ್ಲ."

ಮಾವ ತಲೆ ಕೆರೆದುಕೊಂಡು, ಹೋಟೆಲಿನ ಅಡುಗೆ ಕೋಣೆಯಿಂದ ಒಂದು ವಯರು ಎಳೆದು ಚಾರ್ಜು ಮಾಡೋಣವೇ ಎಂದು ಕೇಳಿದರು. ಸೊಸೆ ಖಡಾಖಂಡಿತವಾಗಿ ಬೇಡವೆಂದಳು. ಅಷ್ಟು ಭಾರವನ್ನು ತೆಳ್ಳಗಿನ ವಯರು ತಡೆಯುವುದಿಲ್ಲ, ಕರಗಿ ಬೆಂಕಿ ಹತ್ತಿಕೊಳ್ಳುತ್ತದೆ, ಮೇಲೆ ಇರುವುದು ಹಳೆಯ ಮರದ ಅಟ್ಟ. ಮೀಟರ್ ಓದಲು ಹೋದ ಮನೆಗಳಲ್ಲಿ ಅಂಥ ಸುಟ್ಟ ಗೋಡೆಗಳನ್ನು ಅವಳು ಸಾಕಷ್ಟು ನೋಡಿದ್ದಳು. ಬೆಟ್ಟದ ಬುಡದಲ್ಲಿ ಇನ್ನೊಂದು ಪಾಯಿಂಟ್ ಇತ್ತು, ಆದರೆ ಅದು ನಿಧಾನದ್ದು. ಅಲ್ಲಿ ನಿಂತರೆ ನಾಲ್ಕು ಗಂಟೆ ದಾಟುವುದು ಖಂಡಿತ.

ಮಾವ ಕೋಟೆಯ ಗೋಡೆಗೆ ಒರಗಿ ನಿಂತರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಿನ ಕಡೆ ಮುಖ ಮಾಡಿ ಕೂತ ಅಕ್ಕ ನೆನಪಾದಳು. ಅವರಿಗೆ ಅಳು ಬರುವಷ್ಟು ಸಂಕಟವಾಯಿತು. ತುಕ್ಕು ಹಿಡಿದ ಬೋಲ್ಟು ಬಿಚ್ಚುವಷ್ಟು ಕಷ್ಟಪಟ್ಟು ಹೇಳಿದರು. "ತಪ್ಪು ನಂದೇ ಕಣಮ್ಮ. ಇಲ್ಲಿಂದ ಇಪ್ಪತ್ತೈದು ಕಿಲೋಮೀಟರು ಬರೀ ಇಳಿಜಾರು. ನನ್ನ ಜೀಪಾಗಿದ್ರೆ ತಳ್ಳಿಬಿಟ್ಟರೂ ಇಳೀತಿತ್ತು."

ಸೊಸೆಯ ಮುಖ ಅರಳಿತು. "ಪೂರ್ತಿ ಇಳಿಜಾರಾ ಮಾವ? ಹಾಗಾದ್ರೆ ದಾರಿಯಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಮೋಟರನ್ನ ತಿರುಗಿಸುತ್ತೆ, ಚಾರ್ಜು ವಾಪಸು ಬರುತ್ತೆ."

"ಅಂದರೆ ಡೈನಮೋ."

"ಅದೇ ಮಾವ. ಡೈನಮೋ."

ಹದಿನೈದನೇ ವಯಸ್ಸಿನಿಂದ ಡೈನಮೋ ಬಿಚ್ಚಿ ಜೋಡಿಸಿದ ಮನುಷ್ಯನಿಗೆ ಇದನ್ನು ಮೂರು ತಿಂಗಳಿಂದ ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳಬಂದಿದ್ದರೂ ಅವರು ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಎಲ್ಲರೂ ಗಾಡಿ ಹತ್ತಿದರು. ಆ ಬೆಟ್ಟದ ಒಂದೊಂದು ತಿರುವೂ ಮಾವನಿಗೆ ಬಾಯಿಪಾಠ. ಮುಂದೆ ಎಡತಿರುವು, ಈಗಲೇ ಕಾಲು ತೆಗಿ, ಅಡ್ಡ ಯಾರಾದರೂ ಬಂದರೆ ಮಾತ್ರ ಬ್ರೇಕು ಒತ್ತು ಎಂದು ಹೇಳುತ್ತ ಹೋದರು. ಸೊಸೆ ಹಾಗೇ ಮಾಡಿದಳು. ಅಂಕಿ ಇಪ್ಪತ್ತರಲ್ಲೇ ನಿಂತಿತು. ಆಮೇಲೆ ಇಪ್ಪತ್ತೊಂದಾಯಿತು. ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬುಡ ಮುಟ್ಟುವಾಗ ಇಪ್ಪತ್ಮೂರು.

"ನಲವತ್ತು ವರ್ಷದಲ್ಲಿ ಬೆಟ್ಟ ಇಳಿದು ಟ್ಯಾಂಕು ತುಂಬಿಸಿಕೊಂಡ ಗಾಡಿ ನೋಡಿಲ್ಲ," ಎಂದರು. ಆ ಸಂತೋಷದಲ್ಲಿ ತಾವಾಗಿ ರೇಡಿಯೋ ಹಾಕಿದರು.

ಬಯಲಿನಲ್ಲಿ ಸೊಸೆ ಐವತ್ತರ ಮೇಲೆ ಹೋಗಲಿಲ್ಲ. ಮೊಪೆಡ್ಡಿನವನೊಬ್ಬ ಸ್ವಲ್ಪ ದೂರ ಪಕ್ಕದಲ್ಲೇ ಬಂದ. ನಾಲ್ಕಕ್ಕೆ ಇಪ್ಪತ್ತು ನಿಮಿಷವಿರುವಾಗ ಗಾಡಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಚಾರ್ಜು ಎಂಟು ಉಳಿದಿತ್ತು.

ಅಕ್ಕ ಬಾಗಿಲಿನ ಕಡೆ ಕಿವಿ ಮಾಡಿ ಕೂತಿದ್ದಳು. ತಮ್ಮ ಬರುವುದಿಲ್ಲ, ಬಂದಿದ್ದರೆ ಜೀಪಿನ ಗಲಾಟೆ ಎರಡು ಬೀದಿ ಆಚೆಯಿಂದಲೇ ಕೇಳುತ್ತಿತ್ತು ಎಂದು ನರ್ಸಿನ ಹತ್ತಿರ ಆಗಷ್ಟೇ ಹೇಳಿದ್ದಳು. ಮಾವ ನೆಟ್ಟಗೆ ಒಳಗೆ ನಡೆದರು. ಅವಳ ಕೈ ಹಿಡಿದರು. ಅಕ್ಕ ಆ ಒರಟು ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿ, "ಸದ್ದಿಲ್ಲದೆ ಹೇಗೆ ಬಂದೆಯೋ ತಮ್ಮಾ?" ಎಂದಳು.

ಡಾಕ್ಟರು ಪಟ್ಟಿ ಬಿಚ್ಚಿದರು. ಅಕ್ಕ ಕಣ್ಣು ಪಿಳುಕಿಸಿ, ತಮ್ಮನ ಮುಖವನ್ನು ತುಂಬ ಹೊತ್ತು ನೋಡಿದಳು. ನೆರೆತ ಮೀಸೆ, ಒದ್ದೆ ಕಣ್ಣು, ಮತ್ತೆ ಕೆಳಗೆ ಆ ಬೆರಳುಗಳು.

"ಉಗುರು ತೊಳ್ಕೊಂಡು ಬರಬಾರದಿತ್ತೇನೋ," ಎಂದಳು. ಮಾವ ಅತ್ತುಕೊಂಡೇ ನಕ್ಕರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಸ್ಪ್ಯಾನರ್ ಮಾವ ಇರಬಹುದು. ಅವರನ್ನು ಗೇಲಿ ಮಾಡಬೇಡಿ, ಮುಂದಿನ ಸೀಟಿನಲ್ಲಿ ಕೂರಿಸಿ, ಅವರಿಗೆ ಗೊತ್ತಿರುವ ಮಾತಿನಲ್ಲೇ ತಿಳಿಸಿ ಹೇಳಿ. ದೂರ ಹೊರಡುವ ಮುಂಚೆ ಎಲ್ಲಿ ಚಾರ್ಜು ಮಾಡುವುದು, ಅದು ಸಿಗದಿದ್ದರೆ ಇನ್ನೆಲ್ಲಿ ಎಂದು ನೋಡಿಟ್ಟುಕೊಳ್ಳಿ. ಅಂಕಿ ಒಂದಕ್ಕೆ ಬರುವವರೆಗೆ ಕಾಯಬೇಡಿ, ಏರು ದಾರಿಗೆ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ, ಯಾರದೋ ಮನೆಯಿಂದ ತೆಳ್ಳಗಿನ ವಯರು ಎಳೆಯಬೇಡಿ. ಚಾರ್ಜು ಆಗುವಷ್ಟು ಹೊತ್ತು ಹಾಳಾಯಿತೆಂದು ಕೊರಗಬೇಡಿ. ಇಳಿದು ಹೋಗಿ, ಇಷ್ಟು ವರ್ಷ ಕಿಟಕಿಯಿಂದ ನೋಡಿದ ಊರನ್ನು ಕಾಲ್ನಡಿಗೆಯಲ್ಲಿ ನೋಡಿ. ವಾಪಸು ಬರುವ ದಿನ ಅತ್ತೆ ಆ ಹನ್ನೆರಡು ಕಮಾನುಗಳನ್ನು ಮತ್ತೊಮ್ಮೆ ಎಣಿಸಿದರು, ಮಾವನೂ ಜೊತೆಗೆ ಎಣಿಸಿದರು. ಗಾಡಿ ಗುಂಯ್ ಎಂದರೆ ಎನ್ನಲಿ ಬಿಡಿ. ವಯರು ಮಾತ್ರ ಮುಟ್ಟಬೇಡಿ.