ಅರ್ಧ ಮಾತ್ರೆ

ಹುಂಜ ಏರಿತು, ಇಳಿಯಿತು — ಒಬ್ದುಲಿಯಾಳ ಏಪ್ರನ್ನಿನ ಎದೆಯ ಮೇಲೆ ಕೆಂಪು ದಾರದಲ್ಲಿ ಕಸೂತಿ ಹಾಕಿದ ಹುಂಜ, ಅಡುಗೆಮನೆಯ ನೆಲದಲ್ಲಿ ಮಗ್ಗುಲಾಗಿ ಮಲಗಿಸಿದ ಅವಳ ಉಸಿರಿನ ಜೊತೆ — ಇನ್ನೊಮ್ಮೆ ಏರು ನಮ್ಮಪ್ಪಾ, ಹಾಂ, ಏರಿತು, ಪಕ್ಕದಲ್ಲಿ ಮಂಡಿಯೂರಿದ ಎಲ್ವಿರಾ ಎಣಿಸುತ್ತಿದ್ದಾಳೆ, ಆಗ ಮೂಗಿನ ಒಂದು ಹೊಳ್ಳೆಗೆ ಮಾತ್ರೆಯ ವಿಷ ಇಳಿಸುವ ಔಷಧಿ ಸಿಂಪಡಿಸಿದಾಗ ತುಟಿ ನೇರಳೆಯಾಗಿಯೇ ಇತ್ತು, ಹುಂಜ ಅಲ್ಲಾಡಲಿಲ್ಲ, ಬಾಯಿಗೆ ಬಾಯಿಟ್ಟು ಊದಿದಳು, ಕೆಂಪು ಮೆಣಸಿನ ರುಚಿ, ಇನ್ನೊಂದು ಹೊಳ್ಳೆಗೆ ಎರಡನೆಯ ಸಲ ಸಿಂಪಡಿಸಿದ ಮೇಲೆ ಗೊರ್ರೆಂದು ಒಂದು ಉಸಿರು, ಅಂಥ ಕೆಟ್ಟ ಸದ್ದು ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ, ಬದುಕಿದಳು, ಬದುಕಿದೆ ನಾನು — ಆಂಬುಲೆನ್ಸ್ ಬರ್ತಿದೆ ಅಮ್ಮಾ, ಫೋನ್ ಇಡಬೇಡಿ, ಔಷಧಿಯ ಪ್ರಭಾವ ಇಳಿದ್ರೆ ಮತ್ತೆ ಮಂಪರು ಬರ್ಬೋದು, ಉಸಿರು ನೋಡ್ತಾ ಇರಿ, ಎನ್ನುತ್ತಾಳೆ ಫೋನಿನಲ್ಲಿ ತುರ್ತುಸೇವೆಯ ಹುಡುಗಿ — ಗೊತ್ತು ಮಗಳೇ, ಊರಿಗೆಲ್ಲ ಹೇಳ್ಕೊಡೋಳೇ ನಾನು. ಊರಿಗೆಲ್ಲ. ಮೊನ್ನೆ ಭಾನುವಾರವೂ ಚರ್ಚಿನ ಹಿಂದಿನ ಹಾಲಿನಲ್ಲಿ ಹೇಳಿದಳಲ್ಲ, ನಕಲಿ ಮಾತ್ರೆ ಅಸಲಿಯ ತದ್ರೂಪ, ಅದೇ ಬಣ್ಣ, ಅದೇ ಅಚ್ಚು, ಒಳಗೆ ಬೆರೆಸಿದ ಫೆಂಟನಿಲ್ ವಿಷ ಕಣ್ಣಿಗೂ ಮೂಗಿಗೂ ತಿಳಿಯದು, ಅರ್ಧವೂ ಕೊಲ್ಲಬಹುದು, ಎಂದರೆ ಹಿಂದಿನ ಬೆಂಚಿನಿಂದ ಇದೇ ಒಬ್ದುಲಿಯಾ, ಸಾಕು ಮಾಡೇ ಪ್ರೊಫೆಸರಮ್ಮ, ಅದನ್ನೆಲ್ಲ ಚಟ ಇರೋರಿಗೆ ಹೇಳು, ನಮ್ಮಂಥ ಮುದುಕೀರ ಮಂಡಿನೋವಿಗ್ಯಾಕೆ ಬೇಲಿ ಹಾಕ್ತೀಯ, ಹಾಲೆಲ್ಲ ನಕ್ಕಿತು, ಎಲ್ವಿರಾಳೂ ನಕ್ಕಳು.

ಇವತ್ತು ಕ್ರಿಸ್‌ಮಸ್ಸಿನ ತಮಾಲೆ ಕಡುಬು, ಬೆಳಗಿನಿಂದ ಇಬ್ಬರೇ ಕೂತು ಮುಸುಕಿನ ಜೋಳದ ಸಿಪ್ಪೆಗೆ ಹಿಟ್ಟು ಸವರುತ್ತ, ಬೀದಿಯ ಗಂಡಸರನ್ನೆಲ್ಲ ಆಡಿಕೊಳ್ಳುತ್ತ — ಮಂಡಿ ಎಳೀತಿದೆ ಕಣೇ, ಎಂದಳು ಒಬ್ದುಲಿಯಾ, ನಿಂಗೂ ಸೊಂಟ ಅಂತಿದ್ಯಲ್ಲ, ತಗೋ, ಇಬ್ರೂ ಹಂಚ್ಕೊಳ್ಳೋಣ, ಗಡಿ ಆಚೆ ಕಡೇದೇ, ಸಂತೇಲಿ ಪರಿಚಯದೋಳು ಕೊಟ್ಳು — ಚಾಕು ಕಟಕ್ ಎಂದಿತು, ಎರಡು ನೀಲಿ ತುಂಡು. ಈ ಗಡಿಯೂರು ಡಗ್ಲಸ್‌ನಲ್ಲಿ ಮಾತ್ರೆಯಿಲ್ಲದ ಪರ್ಸು ಯಾವುದಿದೆ, ಅಗ್ಗಕ್ಕೆ ಹಲ್ಲು ಕೀಳಿಸಲು ಗಡಿ ದಾಟಿದವರು ಬೀದಿಗೆಲ್ಲ ಔಷಧಿ ತರುತ್ತಾರೆ, ತನ್ನ ಮಗಳ ಜ್ಞಾನಸ್ನಾನದಲ್ಲಿ ಎರಡನೇ ತಾಯಿಯಾಗಿ ನಿಂತ ಕೊಮಾದ್ರೆ ಕೈಯಾರೆ ಕೊಟ್ಟದ್ದನ್ನು ಎಲ್ಲಿಯದೆಂದು ಕೇಳಿದರೆ ಮುಖಕ್ಕೆ ಹೊಡೆದಂತೆ, ಎಲ್ವಿರಾ ಕೇಳಲಿಲ್ಲ, ಕೈಯೆಲ್ಲ ಹಿಟ್ಟಿನ ಜಿಡ್ಡು, ಆಮೇಲೆ ನುಂಗ್ತೀನಿ ಎಂದು ತನ್ನ ತುಂಡನ್ನು ತಟ್ಟೆಯಂಚಿಗೆ ಸರಿಸಿದಳು, ನುಂಗುವ ಮನಸ್ಸಿರಲಿಲ್ಲ, ಅನುಮಾನ ಬಂದಿತ್ತು, ಬಂದಿತ್ತು ದೇವರೇ, ಆದರೂ ಅವಳು ನುಂಗುವುದನ್ನು ನೋಡುತ್ತ ಕೂತಳು, ದಾಕ್ಷಿಣ್ಯ, ಎಂಥ ದರಿದ್ರ ದಾಕ್ಷಿಣ್ಯ, ಕತೆ ಹೇಳುತ್ತಿದ್ದವಳು ಅರ್ಧ ಮಾತಿನಲ್ಲಿ ಹಿಟ್ಟಿನ ಪಾತ್ರೆಗೆ ತಲೆಯಿಟ್ಟಳು. ಏರಿತು, ಇಳಿಯಿತು. ಒಬ್ದುಲಿಯಾ ಕಣ್ಣು ಬಿಟ್ಟಿದ್ದಾಳೆ, ಯಾಕೇ ನೆಲದ ಮೇಲೆ ಹಾಕಿದ್ದೀಯ ನನ್ನ — ಮಾತ್ರೆ ಕಣೇ, ನಕಲೀದು — ಅಷ್ಟೇ, ಅವಳ ಮುಖ ಸುಣ್ಣವಾಯಿತು, ಹಿಟ್ಟು ಒಣಗಿದ ಬೆರಳು ಮೇಲೆ ಬಂದು ಎಲ್ವಿರಾಳ ತುಟಿ ಬಿಡಿಸಿ, ಒಸಡು, ನಾಲಿಗೆಯಡಿ ತಡಕಾಡುತ್ತಿದೆ, ಉಗಿಯೇ, ನಿನ್ನ ತುಂಡು ಉಗಿ, ನಾನೇ ಕೊಟ್ಟೆನಲ್ಲೇ ಪಾಪಿ, ಉಗಿ — ನುಂಗಿಲ್ಲ ಕಣೇ, ನಾನು ನುಂಗಲಿಲ್ಲ — ಸದ್ಯ, ಎನ್ನುತ್ತಾಳೆ ಒಬ್ದುಲಿಯಾ, ಸದ್ಯ, ಪುಣ್ಯ ಮಾಡಿದ್ದೆ ನಾನು, ಯಾಕೆ ನುಂಗಲಿಲ್ಲವೆಂದು ಕೇಳುವುದೇ ಇಲ್ಲ, ನೆಮ್ಮದಿಯಿಂದ ನಿಡಿದಾಗಿ ಉಸಿರೆಳೆದುಕೊಳ್ಳುತ್ತಾಳೆ, ಹುಂಜ ಏರುತ್ತದೆ, ಏರುತ್ತಲೇ ಇದೆ.