ದು ಹೋಗಿ ಯು ಆದದ್ದು

ಟಿಕೆಟ್ ಕಿಟಕಿಯ ಹಿಂದೆ ಕೂತವರಿಗೆ ಜನ ಕಾಣುವುದು ಗದ್ದದಿಂದ ಹುಬ್ಬಿನವರೆಗೆ ಮಾತ್ರ. ಹಾಗಾಗಿ ಆ ಬೆಳಿಗ್ಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೊಂಬಿದೆ ಅಂತ ನನಗೆ ಗೊತ್ತಾದದ್ದು, ಒಬ್ಬ ಹುಡುಗಿ ತನಗೆ ಬೇಕಾದ ಸೀಟು ತೋರಿಸಲು ಬಗ್ಗಿದಾಗ. ಅವಳ ಕೊಂಬು ಕಿಟಕಿಯೊಳಗೆ ತೂರಿ ನನ್ನ ಕನ್ನಡಕಕ್ಕೆ ತಗುಲಿತು. ರಟ್ಟಿನ ಕೊಂಬು, ಬೂದುಬಣ್ಣ, ತುದಿ ಮೊಂಡು.

“ಅಯ್ಯೋ ಸಾರಿ ಅಕ್ಕಾ, ಚುಚ್ಚಿತಾ?”

“ಚುಚ್ಚೋಕೆ ಅದು ಚೂಪಾಗಿದ್ರೆ ತಾನೆ,” ಅಂದೆ. “ಬೇಗ ಹೇಳು ತಾಯಿ, ನಿನ್ನ ಹಿಂದೆ ಒಂದು ಮಂದೆಯೇ ನಿಂತಿದೆ.”

ಅವಳು ನಕ್ಕಳು. ಮನಸ್ಸಿನಲ್ಲೇ ಅವಳಿಗೆ ಕೊಂಬಿನಮ್ಮ ಅಂತ ಹೆಸರಿಟ್ಟೆ. ಬಸ್ಸು ಓಡಿಸುವವಳಂತೆ, ಅವತ್ತಿಗೆಂದೇ ರಜೆ ಹಾಕಿದ್ದಳಂತೆ. ಬೆಳಗಿನ ಆಟಕ್ಕೊಂದು, ಸಂಜೆಯ ಆಟಕ್ಕೊಂದು ಟಿಕೆಟ್ ತೆಗೆದುಕೊಂಡಳು.

ಅವರೆಲ್ಲ ‘ಉಪ್ಪಿನ ಗೋಪುರ’ದ ಅಭಿಮಾನಿಗಳು. ಅದು ಪರಭಾಷೆಯ ದಪ್ಪ ಕಾದಂಬರಿ. ನಮ್ಮ ಭಾಷೆಗೆ ಬಂದು ಮನೆಮನೆ ಸೇರಿತು, ಆಮೇಲೆ ಸಿನಿಮಾ ಆಯಿತು. ಸಿನಿಮಾದ ಮೊದಲ ಭಾಗ ಅರ್ಧ ಕತೆಗೇ ನಿಂತಿದ್ದರಿಂದ ಉಳಿದರ್ಧಕ್ಕಾಗಿ ಇವರು ವರ್ಷಗಟ್ಟಲೆ ಬಾಯಿ ಬಾಯಿ ಬಿಡುತ್ತಿದ್ದರು. ಆ ಎರಡನೇ ಭಾಗ ನಮ್ಮ ಭಾಷೆಯ ಮಾತು ಕೂಡಿಸಿಕೊಂಡು ಬಂದ ಮೊದಲ ದಿನ ಅದು. ಇವರಷ್ಟು ಕೊಂಕು ತೆಗೆಯುವ ಜನ ಬೇರೆಲ್ಲೂ ಇಲ್ಲ. ಮೊದಲ ಭಾಗ ಬಂದಾಗ, ಕಥಾನಾಯಕಿಯ ಜಡೆ ಪುಸ್ತಕದಲ್ಲಿ ಬಲಕ್ಕಿದೆ, ಸಿನಿಮಾದಲ್ಲಿ ಎಡಕ್ಕೆ ಹಾಕಿದ್ದಾರೆ ಅಂತ ಅತ್ತವರನ್ನು ನಾನೇ ಕಂಡಿದ್ದೇನೆ. ಅತ್ತು ಮುಗಿಸಿ ಮುಂದಿನ ಆಟಕ್ಕೂ ಟಿಕೆಟ್ ಕೇಳಿದ್ದರು.

ಕತೆ ದೊಡ್ಡದು. ನಮಗೆ ಬೇಕಾದದ್ದು ಅದರಲ್ಲಿ ಒಂದೇ ಮಾತು. ಗೋಪುರದ ಬಾಗಿಲಲ್ಲಿ ಮೊಂಡುಕೊಂಬ ಅನ್ನುವ ದೈತ್ಯ ನಿಂತಿರುತ್ತಾನೆ. ಕಂಡವರನ್ನೆಲ್ಲ ತಿವಿದು ಎಸೆಯುವುದೇ ಅವನ ಕೆಲಸ, ಮಾತಿಲ್ಲ ಕತೆಯಿಲ್ಲ. ಕಥಾನಾಯಕಿ ಕೀಲಿಹುಡುಗಿ ಹೇಗೋ ಅವನ ಸ್ನೇಹ ಮಾಡಿ, ಬಾಗಿಲು ತೆರೆದು ಒಬ್ಬಳೇ ಕತ್ತಲೆಗೆ ಹೊರಡುತ್ತಾಳೆ. ಆಗ ಅವನು ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಬಿಡುತ್ತಾನೆ. “ನಿನಗಾಗಿ ಕಾಯುವೆ.”

ಆ ಸಾಲು ಜನರ ಅಂಗಿಯ ಮೇಲೆ ಬಂತು, ಬೈಕಿನ ಮೇಲೆ ಬಂತು. ಅಷ್ಟು ದೊಡ್ಡ ದೈತ್ಯ, ಹೊಡೆತ ಬಿಟ್ಟು ಬೇರೇನೂ ಗೊತ್ತಿಲ್ಲದವನು, ಕಾಯುವೆ ಅಂದುಬಿಟ್ಟನಲ್ಲ ಅಂತ ಓದಿದವರೆಲ್ಲ ಕರಗಿ ನೀರಾದರು.

ಆದರೆ ಅನುವಾದಕರು ಬರೆದದ್ದು ಅದಲ್ಲ. ಅವರು ಬರೆದದ್ದು “ನಿನಗಾಗಿ ಕಾದುವೆ.” ನಿನಗೋಸ್ಕರ ಹೋರಾಡುತ್ತೇನೆ ಅಂತ. ದು ಹೋಗಿ ಯು ಆಯಿತು. ಮಾಡಿದವನು ನಮ್ಮಣ್ಣ.

ಅಣ್ಣ ಆಗ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಅಚ್ಚಿಗೆ ಮುಂಚೆ ಬರುವ ಹಾಳೆಗಳಲ್ಲಿ ತಪ್ಪು ಹುಡುಕಿ, ಗೀಟು ಹೊಡೆದು, ಅಂಚಿನಲ್ಲಿ ಸರಿ ಅಕ್ಷರ ಬರೆಯುವ ಕೆಲಸ. ನನ್ನ ಬಾಲ್ಯವೆಲ್ಲ ಅವನ ಕೆಂಪು ಗುರುತುಗಳ ನಡುವೆಯೇ ಕಳೆಯಿತು. ಅದರಲ್ಲಿ ಒಂದು ಗುರುತು ನನಗೆ ಬಲು ಇಷ್ಟ. ತಪ್ಪೆಂದು ಹೊಡೆದುಹಾಕಿದ ಪದ ಆಮೇಲೆ ಬೇಕು ಅನ್ನಿಸಿದರೆ, ಅದರ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು ಅಂಚಿನಲ್ಲಿ ‘ಇರಲಿ’ ಅಂತ ಬರೆಯುತ್ತಾರೆ. ಅಷ್ಟು ಬರೆದರೆ ಸಾಕು, ಹೋದ ಪದ ಬದುಕಿಕೊಳ್ಳುತ್ತದೆ. ಅಮ್ಮ ನನಗೆ ಬೈದ ದಿನ ಅಣ್ಣ ನನ್ನ ಅಂಗೈ ಮೇಲೆ ಚುಕ್ಕೆ ಇಟ್ಟು ‘ಇರಲಿ’ ಬರೆಯುತ್ತಿದ್ದ. ಬೆಳಿಗ್ಗೆ ಪೇಪರಿನ ಅಚ್ಚಿನ ತಪ್ಪುಗಳನ್ನು ಜೋರಾಗಿ ಓದಿ ನಗುವುದು ನಮ್ಮಿಬ್ಬರ ದೊಡ್ಡ ಮೋಜು.

ಆ ಕಾದಂಬರಿಯ ಕರಡು ಬಂದ ವರ್ಷ ನಾನು ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದ್ದೆ. ಅಮ್ಮ ಆಗಲೇ ಇರಲಿಲ್ಲ. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಣ್ಣ ಕೆಲಸ ಮಾಡುತ್ತಿದ್ದ ಅಂತ ಆಮೇಲೆ ನರ್ಸು ಹೇಳಿದ್ದಳು.

ಪುಸ್ತಕ ಊರೆಲ್ಲ ಹಬ್ಬಿದ ಮೇಲೆ ತಪ್ಪು ಬಯಲಾಯಿತು. ಅನುವಾದಕರು ಅಣ್ಣನನ್ನು ಕರೆಸಿ, ಅಚ್ಚುಮನೆಯ ಮಂದಿಯೆಲ್ಲ ಕೇಳುವ ಹಾಗೆ ಹೇಳಿದರಂತೆ, “ನಾನು ಗೂಳಿ ಬರೆದುಕೊಟ್ಟೆ, ನೀನದನ್ನ ಎತ್ತು ಮಾಡಿಟ್ಟೆಯಲ್ಲಯ್ಯಾ!” ಎಲ್ಲರೂ ನಕ್ಕರು. ಉಳಿದ ಪ್ರತಿಗಳಲ್ಲಿ ‘ಕಾದುವೆ ಎಂದು ಓದಿಕೊಳ್ಳಿ’ ಅನ್ನುವ ಚೀಟಿ ಸಿಕ್ಕಿಸಿದರು. ಮುಂದಿನ ಮುದ್ರಣದಲ್ಲಿ ತಿದ್ದಿದರು. ಅಣ್ಣನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ತಾನಾಗಿಯೇ ಕೇಳಿಕೊಂಡು ಪುಸ್ತಕದ ಕಟ್ಟು ಕಟ್ಟುವ ಕೋಣೆಗೆ ಹೋದ. ಅಕ್ಷರದ ಸಹವಾಸ ಬೇಡ ಅಂದ.

ಆಮೇಲೆ ಪೇಪರು ಮನೆಗೆ ಬಂದರೂ ಮಡಿಕೆ ಬಿಚ್ಚುವವರಿಲ್ಲ. ನಾನೇ ತಪ್ಪು ಹುಡುಕಿ ತೋರಿಸಿದರೆ “ಇರಲಿ ಬಿಡು” ಅನ್ನುತ್ತಿದ್ದ. ಅದೇ ಪದ, ಆದರೆ ಅದರಲ್ಲಿ ಈಗ ಚುಕ್ಕೆ ಇರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಚಿತ್ರಮಂದಿರದ ಒಳಾಂಗಣದಲ್ಲಿ ‘ಮದ್ಯಂತರದಲ್ಲಿ ಹೊರಹೋಗುವವರು ಟಿಕೆಟ್ ಜೋಪಾನ’ ಅಂತ ಒಂದು ಬೋರ್ಡಿದೆ. ಧ್ಯ ಬರೆಯುವಲ್ಲಿ ದ್ಯ ಬರೆದಿದ್ದಾರೆ. ಮ್ಯಾನೇಜರ್ ತಿದ್ದಿಸುತ್ತೇನೆ ಅಂದರೂ ನಾನು ಬಿಡಲಿಲ್ಲ. ನಾನು ಬೇಯಿಸಿಟ್ಟು ಬಂದದ್ದನ್ನು ಅಣ್ಣ ರಾತ್ರಿ ಡಬ್ಬಿಗೆ ಹಾಕಿ ತರುತ್ತಾನಲ್ಲ, ಒಂದು ದಿನ ಅವನೇ ನೋಡಿ ಕಿಡಿಕಿಡಿಯಾಗಲಿ ಅಂತ. ವರ್ಷಗಳಿಂದ ಅದರ ಕೆಳಗೇ ಓಡಾಡಿದ್ದಾನೆ, ಕತ್ತೆತ್ತಿಲ್ಲ.

ಆ ದಿನ ಬೆಳಗಿನ ಆಟದ ಮಧ್ಯಕ್ಕೆ ಒಳಗಿನಿಂದ ಒಂದು ಕೂಗು ಎದ್ದಿತು. ನನ್ನ ಕಿಟಕಿಯ ಗಾಜು ಗಡಗಡ ಅಂದಿತು. ಬೆಂಕಿಯೇನಾದರೂ ಬಿತ್ತೇ ಅಂತ ಎದ್ದು ಓಡಿದೆ. ಬಾಗಿಲಲ್ಲೇ ಕೊಂಬಿನಮ್ಮ ಎದುರಾದಳು, ಕೊಂಬು ವಾಲಿತ್ತು, ಕಣ್ಣೆಲ್ಲ ಕೆಂಪು.

“ಸಿನಿಮಾದಲ್ಲಿ ಕಾದುವೆ ಅಂತಾನೇ ಇಟ್ಟಿದ್ದಾರೆ ಅಕ್ಕಾ. ಅನುವಾದಕರೇ ಮಾತು ಬರೆದಿರೋದಂತೆ,” ಅಂದಳು. “ನಮಗೆ ಮೊದಲೇ ಅನುಮಾನ ಇತ್ತು. ಅವನು ಬಾಯಿ ತೆಗೆದ ತಕ್ಷಣ ನಾವೆಲ್ಲ ಸೇರ್ಕೊಂಡು ಕಾಯುವೆ ಅಂತ ಕೂಗಿದ್ವಿ. ಸಂಜೇನೂ ಕೂಗ್ತೀವಿ.”

ಅವಳನ್ನು ಎತ್ತಿಕೊಂಡು ಕುಣಿಯೋಣ ಅನ್ನಿಸಿತು. ಊಟದ ಹೊತ್ತಿಗೆ ಕಿಟಕಿ ಮುಚ್ಚಿ ನೆಟ್ಟಗೆ ಅಚ್ಚುಮನೆಗೆ ನಡೆದೆ.

ಅಣ್ಣ ಕಟ್ಟಿನ ಕೋಣೆಯಲ್ಲಿ ಮಂಡಿಯೂರಿ, ಪುಸ್ತಕದ ಅಟ್ಟಿಯ ಮೇಲೆ ಒಂದು ಕಾಲಿಟ್ಟು ದಾರ ಎಳೆಯುತ್ತಿದ್ದ. ಗಂಟನ್ನೂ ಅವನು ಸುಮ್ಮನೆ ಹಾಕುವವನಲ್ಲ, ಎಲ್ಲ ಕಟ್ಟಿಗೂ ಒಂದೇ ಜಾಗದಲ್ಲಿ ಗಂಟು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ಸಂಜೆ ಆಟಕ್ಕೆ ಬಾ” ಅಂದೆ.

“ಬೇಡ. ಇರಲಿ ಬಿಡು.”

“ಇನ್ನೊಂದ್ಸಲ ಇರಲಿ ಬಿಡು ಅಂದ್ರೆ ನಾಳೆಯಿಂದ ನೀನೇ ಬೇಯಿಸ್ಕೊಂಡು ತಿನ್ನು.”

“ಅವರು ತಮಾಷೆ ಮಾಡ್ತಿದಾರೆ ಕಣೆ. ನನ್ನ ತಪ್ಪನ್ನ ಹಿಡ್ಕೊಂಡು ನಗ್ತಿದಾರೆ. ಆವತ್ತು ಆಫೀಸಲ್ಲಿ ನಕ್ಕರಲ್ಲ, ಹಾಗೆ.”

“ಅಳ್ತಿದ್ಲು ಅವಳು!” ಅಂತ ಕೂಗಿದೆ. ಪಕ್ಕದ ಕೋಣೆಯ ಯಂತ್ರದವನು ಇಣುಕಿ ನೋಡಿದ. “ನಗೋರು ಅಳ್ತಾರಾ? ನಿನ್ನ ಕಣ್ಣಿಂದ ನೋಡು ಬಾ. ತಮಾಷೆ ಅಂತ ಅನ್ನಿಸಿದ್ರೆ ಇನ್ನು ನಾನು ಆ ಪುಸ್ತಕದ ಹೆಸರೆತ್ತಲ್ಲ.”

ಅಣ್ಣ ದಾರ ಕತ್ತರಿಸಿದ. ಆದರೆ ಸಂಜೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಹೊರಟವನ ಹಾಗಿತ್ತು. ಕಿಟಕಿಯನ್ನು ಜೊತೆಯವಳಿಗೆ ಒಪ್ಪಿಸಿ, ನಾನು ಅವನನ್ನು ಕೊನೆಯ ಸಾಲಿನಲ್ಲಿ ಗೋಡೆಯ ಕಡೆಗೆ ಕೂರಿಸಿದೆ. ಈ ಕಡೆ ನಾನು ಕೂತೆ, ಎದ್ದು ಓಡದ ಹಾಗೆ.

ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ನೋಡಿದ್ದೆಲ್ಲ ಅಣ್ಣನ ಮುಖವನ್ನೇ. ಗೋಪುರದ ಬಾಗಿಲು ತೆರೆಯಿತು. ಕೀಲಿಹುಡುಗಿ ಹಿಂತಿರುಗಿ ನೋಡಿದಳು. ಮೊಂಡುಕೊಂಬನ ದವಡೆ ಬಂಡೆ ಸರಿದಂತೆ ಸರಿಯಿತು. ಗುಸುಗುಸು ಇಲ್ಲ, ಕೆಮ್ಮಿಲ್ಲ.

“ನಿನಗಾಗಿ…”

“ಕಾಯುವೆ!”

ಇಡೀ ಮಂದಿರ ಒಂದೇ ಗಂಟಲಾಗಿ ಹೇಳಿತು. ಪರದೆಯ ಮೇಲಿನವನು ಏನಂದನೋ, ಯಾರ ಕಿವಿಗೂ ಬೀಳಲಿಲ್ಲ. ಮುಂದಿನ ಸಾಲಿನ ಒಬ್ಬ ದಪ್ಪ ಮನುಷ್ಯ ಕೊಂಬು ತೆಗೆದು ಎದೆಗೊತ್ತಿಕೊಂಡಿದ್ದ. ಅಣ್ಣ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಅಷ್ಟರಲ್ಲಿ ಮಧ್ಯಂತರದ ದೀಪ ಹತ್ತಿತು.

“ಹೋಗೋಣ,” ಅಂದ. ಇದು ತಮಾಷೆಯಲ್ಲ ಅಂತ ಅವನಿನ್ನೂ ನಂಬಿರಲಿಲ್ಲ.

ಒಳಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಕಾಫಿ ಕಪ್ಪು ಹಿಡಿದು ವಾದಿಸುತ್ತಿದ್ದರು. ಈ ಸಲ ಜಡೆ ಬಲಕ್ಕಿದೆ ಅಂತ ಒಬ್ಬಳಿಗೆ ಸಂತೋಷವೋ ಸಂತೋಷ. ನಾವು ಬಾಗಿಲ ಹತ್ತಿರ ಬರುವಾಗ ಆ ದಪ್ಪ ಮನುಷ್ಯ ಕೊಂಬಿನಮ್ಮನಿಗೆ ಹೇಳುತ್ತಿದ್ದ, “ನಮ್ಮ ಪುಣ್ಯ ನೋಡು. ಯಾರೋ ಕರಡು ತಿದ್ದುವವನು ತೂಕಡಿಸಿಬಿಟ್ಟ, ನಮಗೆ ಕಾಯುವೆ ಸಿಕ್ತು.”

ಒಳ್ಳೆಯ ಮಾತೇ. ಆದರೆ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

“ತೂಕಡಿಸಿರಲಿಲ್ಲ!” ಅಂದೆ. “ನಮ್ಮಣ್ಣ ಹುಟ್ಟಿದಾಗಿಂದ ಕೆಲಸದಲ್ಲಿ ತೂಕಡಿಸಿಲ್ಲ!”

ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡೆ. ಕೊಂಬುಗಳೆಲ್ಲ ನಮ್ಮತ್ತ ತಿರುಗಿದವು. ಅಣ್ಣ ಕಿವಿಯವರೆಗೆ ಕೆಂಪಾದ.

ಕೊಂಬಿನಮ್ಮ ಮೆಲ್ಲಗೆ ಕೇಳಿದಳು, “ನೀವಾ?”

“ನಾನೇ,” ಅಂದ ಅಣ್ಣ. “ತಪ್ಪು ನಂದು. ಅನುವಾದಕರು ಬರೆದದ್ದೇ ಸರಿ. ಮೂಲದಲ್ಲಿ ಹೋರಾಡ್ತೀನಿ ಅಂತಾನೇ ಇದೆ. ಅವರಿಗೆ ನನ್ನಿಂದ ಬಹಳ ನೋವಾಯ್ತು.”

“ಮತ್ತೆ ಯಾಕೆ ಬದಲಾಯಿಸಿದ್ರಿ?”

“ಬದಲಾಯಿಸಲಿಲ್ಲಮ್ಮ.” ಅಣ್ಣ ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದ. “ಇವಳು ಆಸ್ಪತ್ರೆಯಲ್ಲಿದ್ಲು. ಡಾಕ್ಟರು ಏನೂ ಹೇಳೋಕಾಗಲ್ಲ ಅಂದು ಒಳಗೆ ಹೋಗಿದ್ರು. ನಾನು ಹೊರಗೆ ಬೆಂಚಿನ ಮೇಲೆ ಬಾಗಿಲನ್ನೇ ನೋಡ್ತಾ ಕೂತಿದ್ದೆ. ತೊಡೆ ಮೇಲೆ ಆ ಪುಟ ಇತ್ತು. ಒಬ್ಬಳು ಬಾಗಿಲೊಳಗೆ ಹೋಗ್ತಾಳೆ, ಹೊರಗೆ ನಿಂತವನು ಏನಂತಾನೆ? ಆ ಹೊತ್ತಲ್ಲಿ ನನಗೆ ಒಂದೇ ಪದ ಗೊತ್ತಿದ್ದದ್ದು. ದು ಅಚ್ಚಿನ ತಪ್ಪು ಅಂದ್ಕೊಂಡು ಯು ಬರೆದೆ.”

ನನಗೆ ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡಿದ್ದೇವೆ, ಒಂದು ದಿನ ಹೇಳಿರಲಿಲ್ಲ. ಊರೆಲ್ಲ ಅಂಗಿಯ ಮೇಲೆ ಹಾಕಿಕೊಂಡು ತಿರುಗಿದ ಮಾತು ನನ್ನದಾಗಿತ್ತು. ಇಂಥ ಅಣ್ಣನನ್ನು ಪಡೆದೆನಲ್ಲ ಅಂತ ಅವನ ತೋಳು ಹಿಡಿದುಕೊಂಡೆ, ಬಯ್ಯಲೂ ಮನಸ್ಸಾಗಲಿಲ್ಲ.

ಕೊಂಬಿನಮ್ಮ ಚೀಲದಿಂದ ಪುಸ್ತಕ ತೆಗೆದಳು. ಹಳೆಯ ಮುದ್ರಣ, ಬೆನ್ನಿಗೆ ಅಂಟುಪಟ್ಟಿ. “ನಮ್ಮಮ್ಮ ಕೆಲಸಕ್ಕೆ ಅಂತ ಪರದೇಶಕ್ಕೆ ಹೋದಾಗ ನಾನು ಹಾಸ್ಟೆಲ್ ಸೇರಿದ್ದೆ,” ಅಂದಳು. “ಇಬ್ಬರ ಹತ್ರನೂ ಇದೇ ಪುಸ್ತಕ ಇತ್ತು. ಫೋನ್ ಇಡೋವಾಗ ಅಮ್ಮ ಬೇರೇನೂ ಹೇಳ್ತಿರಲಿಲ್ಲ, ಕಾಯುವೆ ಅಂತಿದ್ಲು. ನನಗೆ ಹೋರಾಡೋರು ಬೇಕಿರಲಿಲ್ಲ ಅಣ್ಣಾ. ನೀವು ತಪ್ಪು ಮಾಡದೇ ಇದ್ದಿದ್ರೆ ನಮ್ಮಮ್ಮ ನನಗೆ ಏನು ಹೇಳ್ತಿದ್ಲೋ.” ಆ ಪುಟ ತೆರೆದು ಅವನ ಮುಂದೆ ಹಿಡಿದಳು. ‘ಕಾಯುವೆ’ಯ ಮೇಲೆ ಪೆನ್ಸಿಲಿನ ಗೀಟಿತ್ತು. “ಗ್ರಂಥಾಲಯದವರು ಹಳೇ ಪುಸ್ತಕ ಮಾರುವಾಗ ತಗೊಂಡದ್ದು. ಅವರು ಚೀಟಿ ನೋಡಿ ಹೊಡೆದುಹಾಕಿದ್ದಾರೆ. ಇದಕ್ಕೇನಾದ್ರೂ ಮಾಡೋಕಾಗುತ್ತಾ?”

ಅಣ್ಣ ಆ ಗೀಟಿನ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಕಡೆ ಕೈ ಚಾಚಿದ. ಲೆಕ್ಕ ಹಾಕುವ ನನ್ನ ಕೆಂಪು ಪೆನ್ನು ಕಿವಿಯ ಹಿಂದೆಯೇ ಇತ್ತು, ಕೊಟ್ಟೆ. ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಆ ಪದದ ಕೆಳಗೆ ಒಂದೊಂದೇ ಚುಕ್ಕೆ ಇಟ್ಟ. ಅಂಚಿನಲ್ಲಿ ತನ್ನ ಗುಂಡಗಿನ ಅಕ್ಷರದಲ್ಲಿ ಬರೆದ, ‘ಇರಲಿ’.

“ಹೀಗಂದ್ರೆ?” ಅಂತ ದಪ್ಪ ಮನುಷ್ಯ ಕತ್ತು ಚಾಚಿದ.

“ಹೊಡೆದುಹಾಕಿದ್ದು ಉಳೀಲಿ ಅಂತ,” ಅಂದೆ ನಾನು. ಅಣ್ಣ ಶಾಯಿ ಒಣಗಲಿ ಅಂತ ಪುಟದ ಮೇಲೆ ಊದುತ್ತಿದ್ದ.

“ಸಾರ್, ನಂದಕ್ಕೂ,” ಅಂತ ಆ ಮನುಷ್ಯ ತನ್ನ ಪುಸ್ತಕ ತೆಗೆದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಹೊಸ ಮುದ್ರಣ ತಂದವರಿಗೆ ಅಣ್ಣ ‘ಕಾದುವೆ’ಯನ್ನು ಹೊಡೆಯಲು ಒಪ್ಪಲಿಲ್ಲ, “ಅದು ಅನುವಾದಕರ ಪದ” ಅಂದ. ಪಕ್ಕದಲ್ಲಿ ಚಿಕ್ಕದಾಗಿ ಯು ಬರೆದುಕೊಟ್ಟ. ತೆಗೆದುಕೊಂಡವರೆಲ್ಲ ಅವನ ಕೈ ಹಿಡಿದು ಥ್ಯಾಂಕ್ಸ್ ಅಂದರು. ಅಷ್ಟು ಜನ ಒಂದೇ ಸಂಜೆ ಅಣ್ಣನ ಕೈ ಹಿಡಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗಂಟೆ ಹೊಡೆಯಿತು. ಕೊಂಬುಗಳೆಲ್ಲ ನೂಕಾಡಿಕೊಂಡು ಒಳಗೆ ಹೋದವು. ಅಣ್ಣ ಪೆನ್ನಿನ ಮುಚ್ಚಳ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕತ್ತೆತ್ತಿದ. ಎದುರಿಗೇ ಬೋರ್ಡು.

“ಏನೇ ಇದು?” ಅಂದ. “ಮದ್ಯಂತರ? ಏನು, ಅರ್ಧ ಸಿನಿಮಾ ಆದ್ಮೇಲೆ ಇಲ್ಲಿ ಕುಡಿಸ್ತಾರಾ?”

ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಮೂಗು ಒರೆಸಿಕೊಂಡು, “ಇರಲಿ ಬಿಡಣ್ಣ,” ಅಂದೆ.

“ಇರಲಿ ಅಂತೆ! ಇಂಥದ್ದನ್ನೆಲ್ಲ ಇರಕ್ಕೆ ಬಿಡ್ತಾರಾ?” ಅಂತ ಗದರಿ, ಪೆನ್ನಿನ ಮುಚ್ಚಳ ಮತ್ತೆ ತೆಗೆದ. “ಸ್ಟೂಲ್ ಎಲ್ಲಿದೆ, ತಗೊಂಡು ಬಾ.”